ಅತ್ತಿಮಬ್ಬೆಯ ಬಸದಿ, ನಮ್ಮ ಮಗಳ ಸೈಟು



ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದಳೆಂದು ಸಭೆಸಭೆಯಲ್ಲೂ ಹೆಮ್ಮೆಪಡುವ ನಾವು, ನಿರ್ಮಾಣಸ್ಥಳಕ್ಕೆ ಹೊರಟ ಮಗಳಿಗೆ ‘ಕಚೇರಿಯಲ್ಲಿ ಕುಳಿತು ನಕ್ಷೆ ಬರೆಯಬಾರದೇ?’ ಎನ್ನುತ್ತೇವೆ.

ತಾಂತ್ರಿಕ ವೃತ್ತಿಯೇ ಸ್ತ್ರೀಯರಿಗೆ ಮುಚ್ಚಿದ್ದ ಕಾಲವಿತ್ತು. ಹೆಣ್ಣುಮಕ್ಕಳು ಅರ್ಜಿ ಹಾಕುವುದು ಬೇಡವೆಂದ ಟೆಲ್ಕೊ ಜಾಹೀರಾತನ್ನು 1974ರಲ್ಲಿ ಕಂಡು ಜೆ.ಆರ್.ಡಿ. ಟಾಟಾ ಅವರಿಗೆ ಅಂಚೆಕಾರ್ಡು ಬರೆದ ಸುಧಾ ಕುಲಕರ್ಣಿ, ಇಂದಿನ ಸುಧಾ ಮೂರ್ತಿ, ಇದೇ ಪುಣೆಯಲ್ಲಿ ಕೆಲಸಕ್ಕೆ ಸೇರಿದರು. 1991ರಿಂದ ಕರ್ವೆನಗರದಲ್ಲಿ ಮಹಿಳೆಯರಿಗೆಂದೇ ಇಂಜಿನಿಯರಿಂಗ್ ಕಾಲೇಜಿದೆ. ಅನಂತರ ವಾಸ್ತುಶಿಲ್ಪ ಕಾಲೇಜೂ ಬಂತು. ಈಗ ತಡೆಯುತ್ತಿರುವವರು ಹೆಚ್ಚಾಗಿ ನಾವೇ.

ಕಾಂಕ್ರೀಟ್ ಹಾಕುವ ದಿನ ಕೆಲಸವನ್ನು ನಡುವೆ ನಿಲ್ಲಿಸುವಂತಿಲ್ಲ. ಹಾಕಿದ್ದು ಗಟ್ಟಿಯಾದರೆ ಹೊಸದು ಸರಿಯಾಗಿ ಬೆಸೆಯದು. ಸಂಜೆ ಮೀರುತ್ತದೆ. ಸೂರ್ಯಾಸ್ತದೊಳಗೆ ಉಣ್ಣುವ ನೇಮಕ್ಕೆ ಜೊತೆಗೊಂದು ಡಬ್ಬಿ ಸಾಕು. (ಮಗನಿಗೆ ಕಟ್ಟಿಕೊಡುತ್ತೇವಲ್ಲವೇ?) ಸೊಸೆ ಸೈಟಿನ ಕೆಲಸ ಬಿಡಬೇಕೆಂಬ ಷರತ್ತನ್ನು ಮದುವೆಯ ಮಾತುಕತೆಯಲ್ಲಿ ಇಡಬೇಡಿ, ಇಟ್ಟವರಿಗೆ ಹೆಣ್ಣು ಕೊಡಬೇಡಿ.