ಮಳೆನೀರು ಕಾಲುವೆಗಳ ಸಂರಕ್ಷಣೆಯಲ್ಲಿ ಬಡಾವಣೆ ಸಂಘಗಳು ಮತ್ತು ಗ್ರಾಮ ಪಂಚಾಯಿತಿ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ಮಾಡಿದ ಉಪನ್ಯಾಸದ ಪಠ್ಯ)



ಯಲಹಂಕದ ಕೇಂದ್ರೀಯ ವಿಹಾರದ ಸಂಗತಿ ತಮ್ಮೆಲ್ಲರಿಗೂ ತಿಳಿದಿದೆ. ಸುಮಾರು 600 ಮನೆಗಳಿರುವ ಆ ವಸತಿ ಸಮುಚ್ಚಯಕ್ಕೆ 2021ರ ನವೆಂಬರಿನಲ್ಲಿ ಯಲಹಂಕ ಕೆರೆಯ ನೀರು ನುಗ್ಗಿತು. 2024ರ ಅಕ್ಟೋಬರಿನಲ್ಲಿ, ಚಿತ್ತೆ ಮಳೆ ಒಂದೇ ರಾತ್ರಿಯಲ್ಲಿ 150 ಮಿಲಿಮೀಟರಿಗೂ ಮಿಗಿಲಾಗಿ ಸುರಿದಾಗ, ಅದೇ ಸ್ಥಳ ಮತ್ತೆ ಮುಳುಗಿತು. ಎರಡು ಬಾರಿಯೂ ಜನರನ್ನು ದೋಣಿಗಳಲ್ಲಿ ಹೊರತರಬೇಕಾಯಿತು. ಕೆರೆಯ ಕೋಡಿಯಿಂದ ಹೊರಟ ನೀರಿಗೆ ಮುಂದೆ ಸಾಗಲು ಸಾಕಷ್ಟು ಅಗಲದ ರಾಜಕಾಲುವೆ ಇರಲಿಲ್ಲ.

ಅದು ನಗರದ ವಿಚಾರ, ನಮಗೇನು ಸಂಬಂಧ ಎಂದು ನಾವು ಸುಮ್ಮನಿರುವಂತಿಲ್ಲ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ಯಲಹಂಕ, ಬ್ಯಾಟರಾಯನಪುರ ಮೊದಲಾದ 7 ನಗರಸಭೆಗಳು, 1 ಪುರಸಭೆ ಮತ್ತು 110 ಗ್ರಾಮಗಳು ನಗರದೊಳಗೆ ಸೇರಿದವು. ಆ ಗ್ರಾಮಗಳ ಕಾಲುವೆಗಳು ಪಾಲಿಕೆಯ ಕಾಲದಲ್ಲಿ ಮಾತ್ರ ಕಿರಿದಾದವು ಎನ್ನಲಾಗದು. ಹೊಲ ನಿವೇಶನವಾಗುವ ಹೊತ್ತಿನಲ್ಲಿ ಕಾಲುವೆಯ ಭವಿಷ್ಯ ನಿರ್ಧಾರವಾಗುತ್ತದೆ. ಆ ಹೊತ್ತು ಈಗ ರಾಜಾನುಕುಂಟೆ, ಸಿಂಗನಾಯಕನಹಳ್ಳಿ, ಹೆಸರಘಟ್ಟ, ಬಾಗಲೂರು ಭಾಗಗಳಲ್ಲಿ ನಡೆಯುತ್ತಿದೆ. ಅಂದರೆ ನಮ್ಮ ಕೈಯಲ್ಲಿದೆ.

ಬಡಾವಣೆಯ ನಕ್ಷೆಗೆ ಮಂಜೂರಾತಿ ನೀಡುವುದು ಯೋಜನಾ ಪ್ರಾಧಿಕಾರ. ಭೂ ಪರಿವರ್ತನೆ ಮಾಡುವುದು ಕಂದಾಯ ಇಲಾಖೆ. ಇದು ನಿಜ. ಆದರೆ ಬಡಾವಣೆಯ ರಸ್ತೆ, ಉದ್ಯಾನ, ಚರಂಡಿಗಳನ್ನು ವಶಕ್ಕೆ ಪಡೆಯುವವರು ನಾವು. ಇ-ಸ್ವತ್ತು ತಂತ್ರಾಂಶದಲ್ಲಿ ನಮೂನೆ 9 ಮತ್ತು 11 ನೀಡುವವರು ನಾವು. 1993ರ ಪಂಚಾಯತ್ ರಾಜ್ ಅಧಿನಿಯಮದ 64ನೇ ಪ್ರಕರಣದಂತೆ ಕಟ್ಟಡಕ್ಕೆ ಅನುಮತಿ ನೀಡುವವರೂ ನಾವೇ. ಮೂರು ಕಡೆ ನಮ್ಮ ಸಹಿ ಬೀಳುವಾಗ, ನೀರಿನ ದಾರಿ ಕಾಣಲಿಲ್ಲ ಎಂದು ಹೇಳುವುದು ಹೇಗೆ?

ಈ ಮಾತನ್ನು ಉಪದೇಶವಾಗಿ ಹೇಳುತ್ತಿಲ್ಲ. ನಾನೇ ಮಾಡಿದ ತಪ್ಪೊಂದನ್ನು ತಮ್ಮ ಮುಂದೆ ಒಪ್ಪಿಕೊಳ್ಳುತ್ತಿದ್ದೇನೆ. ಸೇವೆಗೆ ಸೇರಿದ ಆರಂಭದ ವರ್ಷಗಳಲ್ಲಿ, ಹಿಂದೆ ಕೆಲಸ ಮಾಡಿದ ಪಂಚಾಯಿತಿಯೊಂದರಲ್ಲಿ, ಹತ್ತು ಎಕರೆಯ ಬಡಾವಣೆಯ ರಸ್ತೆ ಮತ್ತು ಚರಂಡಿಗಳನ್ನು ವಶಕ್ಕೆ ಪಡೆಯುವ ಕಡತ ನನ್ನ ಮುಂದೆ ಬಂತು. ದಾಖಲೆಗಳೆಲ್ಲ ಸರಿಯಾಗಿದ್ದವು. ಗ್ರಾಮ ನಕಾಶೆಯಲ್ಲಿ ಸಣ್ಣ ಹಳ್ಳವೊಂದು ಆ ಜಮೀನನ್ನು ಹಾದುಹೋಗಿತ್ತು. ಸ್ಥಳದಲ್ಲಿ ಅದನ್ನು ಎರಡು ಅಡಿ ವ್ಯಾಸದ ಕೊಳವೆಗೆ ಇಳಿಸಿ ಮೇಲೆ ರಸ್ತೆ ಮಾಡಿದ್ದರು. ಪಕ್ಕದ ಹೊಲದ ಹಿರಿಯರೊಬ್ಬರು, ನೀರಗಂಟಿ ಮನೆತನದವರು, “ಸಾರ್, ಮಳೆಗಾಲದಲ್ಲಿ ಒಂದು ಸಲ ಬಂದು ನೋಡಿ, ಆಮೇಲೆ ಸಹಿ ಹಾಕಿ” ಎಂದಿದ್ದರು. ನಾನು ಹೋಗಲಿಲ್ಲ. ಕಚೇರಿಯಲ್ಲಿ ಕುಳಿತೇ ಸಹಿ ಹಾಕಿದೆ.

ಆ ವರ್ಷ ಹಿಂಗಾರಿನ ಒಂದು ರಾತ್ರಿ ಬಡಾವಣೆಯ ಕೆಳಗಿದ್ದ ಕಾಲೋನಿಗೆ ನೀರು ನುಗ್ಗಿತು. ಬೆಳಿಗ್ಗೆ ನಾನು ಹೋದಾಗ ಒಬ್ಬ ತಾಯಿ ಪಡಿತರದ ಅಕ್ಕಿಯನ್ನು ಜಗಲಿಯ ಮೇಲೆ ಹರಡಿಕೊಂಡು ಕೂತಿದ್ದರು. ಅದು ಒಣಗುವ ಸ್ಥಿತಿಯಲ್ಲಿರಲಿಲ್ಲ. ನನ್ನನ್ನು ನೋಡಿಯೂ ಅವರು ಏನೂ ಹೇಳಲಿಲ್ಲ.

ನಾನು ಎಂಜಿನಿಯರಿಂಗ್ ಓದಿದವನು. ಕಾಗದದ ಮೇಲೆ ಐದು ನಿಮಿಷದಲ್ಲಿ ಮಾಡಬಹುದಾಗಿದ್ದ ಲೆಕ್ಕವನ್ನು ಅಂದು ರಾತ್ರಿ ಮಾಡಿದೆ. ಗಂಟೆಗೆ 50 ಮಿಲಿಮೀಟರ್ ಮಳೆ ಬಿದ್ದರೆ ಒಂದು ಎಕರೆಯ ಮೇಲೆ ಸುಮಾರು 2 ಲಕ್ಷ ಲೀಟರ್ ನೀರು ಬೀಳುತ್ತದೆ. ಹೊಲವಾಗಿದ್ದಾಗ ಅದರಲ್ಲಿ ಅಂದಾಜು 60 ಸಾವಿರ ಲೀಟರ್ ಹರಿದು ಹೋಗಿ, ಉಳಿದದ್ದು ಮಣ್ಣಿಗಿಳಿಯುತ್ತದೆ. ಅದೇ ನೆಲ ಕಾಂಕ್ರೀಟು, ಡಾಂಬರು, ತಾರಸಿಯಾದಾಗ ಸುಮಾರು 1.8 ಲಕ್ಷ ಲೀಟರ್ ಹೊರಗೆ ಹರಿಯುತ್ತದೆ. ಅಂದರೆ ಮೂರು ಪಟ್ಟು. ಹತ್ತು ಎಕರೆಗೆ ಲೆಕ್ಕ ಹಾಕಿದರೆ ಸೆಕೆಂಡಿಗೆ 500 ಲೀಟರ್. ಎರಡು ಅಡಿಯ ಕೊಳವೆಯಲ್ಲಿ ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ನೀರು ಹರಿದರೆ ಸಾಗುವುದು ಸುಮಾರು 300 ಲೀಟರ್ ಮಾತ್ರ. ಮೇಲಿನ ಹೊಲಗಳಿಂದ ಬರುವ ನೀರಿನ ಲೆಕ್ಕ ಇದರಲ್ಲಿ ಸೇರಿಲ್ಲ. ಉಳಿದ ನೀರು ಕಾಲೋನಿಗಲ್ಲದೆ ಬೇರೆಲ್ಲಿಗೆ ಹೋಗಬೇಕಿತ್ತು?

ಮುಂದಿನ ವಾರ ಕಾಲೋನಿಯವರೂ ಬಡಾವಣೆ ನಿವಾಸಿಗಳ ಸಂಘದವರೂ ಪಂಚಾಯಿತಿ ಕಚೇರಿಯಲ್ಲಿ ಮುಖಾಮುಖಿಯಾದರು. ಜಗಳ ತಾರಕಕ್ಕೇರಿತು. ಸಂಘದವರ ಬಗ್ಗೆ ನಮ್ಮ ಸದಸ್ಯರಲ್ಲಿ ಒಂದು ಅಸಮಾಧಾನ ಮೊದಲಿನಿಂದಲೂ ಇತ್ತು: “ಅವರ ಓಟು ಇಲ್ಲಿಲ್ಲ, ಅರ್ಜಿ ಮಾತ್ರ ದಿನಕ್ಕೊಂದು.” ಸಂಘದವರಿಗೂ ಪಂಚಾಯಿತಿಯೆಂದರೆ ಕಂದಾಯ ವಸೂಲಿಯ ಕಚೇರಿ ಎಂಬ ಭಾವನೆಯಿತ್ತು. ಆದರೆ ಅದೇ ಸಂಘದಲ್ಲಿ ಭೂಮಾಪನ ಬಲ್ಲ ನಿವೃತ್ತರೊಬ್ಬರಿದ್ದರು. ಅವರು ಗ್ರಾಮ ನಕಾಶೆಯ ದೃಢೀಕೃತ ಪ್ರತಿಯನ್ನು ತರಿಸಿಕೊಂಡು, ಒಂದು ಭಾನುವಾರ ಹಳ್ಳದ ಮೇಲ್ತುದಿಯಿಂದ ಕೆರೆಯವರೆಗೆ ನಡೆಯೋಣ ಎಂದರು. ಕಾಲೋನಿಯ ಯುವಕರು, ಇಬ್ಬರು ವಾರ್ಡ್ ಸದಸ್ಯರು, ಆ ನೀರಗಂಟಿ ಹಿರಿಯರು, ನಾನು, ಎಲ್ಲರೂ ನಡೆದೆವು. ಮೂರು ಕಡೆ ಕಾಲುವೆ ಮುಚ್ಚಿತ್ತು. ಒಂದು ಕಡೆ ಸಂಘದ ಉದ್ಯಾನದ ಕಾಂಪೌಂಡೇ ಹಳ್ಳದೊಳಗಿತ್ತು.

ಆ ಗೋಡೆಯ ಮುಂದೆ ನಿಂತಾಗ ಜಗಳದ ಧ್ವನಿ ಬದಲಾಯಿತು. ವಾರ್ಡ್ ಸಭೆಯಲ್ಲಿ ಸಂಘದವರು ತಾವಾಗಿ ಗೋಡೆ ಹಿಂದಕ್ಕೆ ಸರಿಸಲು ಒಪ್ಪಿದರು. ಪಂಚಾಯಿತಿ ಠರಾವು ಮಾಡಿ ಕೊಳವೆ ತೆಗೆದು ತೆರೆದ ಕಾಲುವೆ ಮತ್ತು ಅಗಲವಾದ ಮೋರಿ ನಿರ್ಮಿಸಿತು. ಆದರೂ ಎಲ್ಲವೂ ಸರಿಹೋಯಿತು ಎಂದು ಹೇಳಲಾರೆ. ಮುಚ್ಚಿದ್ದ ಮೂರನೆಯ ಜಾಗದಲ್ಲಿ ಸಾಲ ಮಾಡಿ ನಿವೇಶನ ಕೊಂಡು ಮನೆ ಕಟ್ಟಿಕೊಂಡ ಎರಡು ಕುಟುಂಬಗಳಿದ್ದವು. ನಾನು ವರ್ಗವಾಗುವವರೆಗೂ ಆ ಪ್ರಶ್ನೆ ಬಗೆಹರಿಯಲಿಲ್ಲ. ಮೊದಲೇ ಒಂದು ಗಂಟೆ ನಡೆದಿದ್ದರೆ ಉಳಿಯುತ್ತಿದ್ದ ಕಾಲುವೆಯನ್ನು, ಆಮೇಲೆ ಉಳಿಸಬೇಕೆಂದರೆ ಯಾರದೋ ಮನೆ ಕೆಡವಬೇಕಾಗುತ್ತದೆ.

ನಿವಾಸಿಗಳ ಸಂಘಟನೆ ಏನು ಮಾಡಬಲ್ಲದು ಎಂಬುದಕ್ಕೆ ಜಕ್ಕೂರು ಕೆರೆ ಸಮೀಪದ ನಿದರ್ಶನ. ಸುಮಾರು 160 ಎಕರೆಯ ಆ ಕೆರೆಗೆ ಸಂಸ್ಕರಣಾ ಘಟಕದಿಂದ ಸಂಸ್ಕರಿತ ನೀರು ಜೌಗು ಸಸ್ಯಗಳ ನಡುವೆ ಹಾದು ಸೇರುತ್ತದೆ. ಸುತ್ತಲಿನ ನಿವಾಸಿಗಳು ‘ಜಲಪೋಷಣ್’ ಹೆಸರಿನಲ್ಲಿ ಒಂದುಗೂಡಿ ಕೆರೆಯ ನಿಗಾ ವಹಿಸಿದರು. ಘಟಕ ಕಟ್ಟುವುದು ಸರ್ಕಾರದ ಕೆಲಸ. ಒಳಹರಿವಿನಲ್ಲಿ ಕೊಳಕು ನೀರು ಬೆರೆತಾಗ ಅಂದೇ ಗಮನಿಸಿ ತಿಳಿಸುವುದು ದಿನವೂ ದಡದಲ್ಲಿ ನಡೆಯುವವರಿಂದ ಮಾತ್ರ ಸಾಧ್ಯ. ಯಲಹಂಕದ ಪುಟ್ಟೇನಹಳ್ಳಿ ಕೆರೆ 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಣೆಯಾದದ್ದರ ಹಿಂದೆಯೂ ಸ್ಥಳೀಯರ ಬಹುಕಾಲದ ಆಸಕ್ತಿಯಿದೆ.

ಕಾಲುವೆಯ ಅಂಚಿನಿಂದ ಎಷ್ಟು ದೂರ ಬಿಡಬೇಕು ಎಂದು ಸದಸ್ಯರು ಪದೇ ಪದೇ ಕೇಳುತ್ತಾರೆ. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಗೆ 75 ಮೀಟರ್, ಮೂರು ಹಂತದ ಕಾಲುವೆಗಳಿಗೆ ಕ್ರಮವಾಗಿ 50, 35 ಮತ್ತು 25 ಮೀಟರ್ ಎಂದಿತ್ತು. 2019ರ ಮಾರ್ಚ್ 5ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಪಡಿಸಿತು. 2015ರ ಪರಿಷ್ಕೃತ ಮಹಾಯೋಜನೆಯ 30 ಮೀಟರ್ ಹಾಗೂ 50, 25, 15 ಮೀಟರುಗಳು ಮತ್ತೆ ಊರ್ಜಿತವಾದವು. ಇಂತಹ ಅಂಕಿಗಳು ಕಾಲಕಾಲಕ್ಕೆ ಬದಲಾಗುತ್ತವೆ. ಆದ್ದರಿಂದ ಪ್ರತಿ ಕಡತದಲ್ಲೂ ಆ ದಿನ ಜಾರಿಯಲ್ಲಿರುವ ನಿಯಮವನ್ನು ಯೋಜನಾ ಪ್ರಾಧಿಕಾರದಿಂದ ಲಿಖಿತವಾಗಿ ಪಡೆಯಿರಿ. ನಿಯಮ ಹೇಗೆ ಬದಲಾದರೂ ನೆಲದ ಇಳಿಜಾರು ಬದಲಾಗುವುದಿಲ್ಲ.

ತಮ್ಮಲ್ಲಿ ನನ್ನ ವಿನಂತಿ ನಾಲ್ಕು.

ಒಂದು, ಗ್ರಾಮ ನಕಾಶೆಯಲ್ಲಿರುವ ಹಳ್ಳ, ಕಾಲುವೆ ಮತ್ತು ಬಿ-ಖರಾಬಿನ ಪಟ್ಟಿಯನ್ನು ಸರ್ವೆ ನಂಬರುವಾರು ತಯಾರಿಸಿ ಕಚೇರಿಯ ಗೋಡೆಯ ಮೇಲೆ ಹಾಕಿ. ಜನ ಓದಲಿ.

ಎರಡು, ಯಾವುದೇ ಬಡಾವಣೆಯ ಚರಂಡಿಗಳನ್ನು ವಶಕ್ಕೆ ಪಡೆಯುವ ಮೊದಲು ವಾರ್ಡ್ ಸದಸ್ಯರು, ಪಿಡಿಒ ಮತ್ತು ಎಂಜಿನಿಯರ್ ಸ್ಥಳದಲ್ಲಿ ನಡೆದು, ನೀರು ಎಲ್ಲಿಂದ ಬಂದು ಎಲ್ಲಿ ಸೇರುತ್ತದೆ ಎಂಬ ಪಂಚನಾಮೆಯನ್ನು ಕಡತಕ್ಕೆ ಸೇರಿಸಿ.

ಮೂರು, ವರ್ಷಕ್ಕೆರಡು ಬಾರಿ, ಮುಂಗಾರಿಗೆ ಮೊದಲು ಮತ್ತು ಚಿತ್ತೆ ಮಳೆಗೆ ಮೊದಲು, ಬಡಾವಣೆ ಸಂಘ, ಕಾಲೋನಿ ಹಾಗೂ ಹಳೆ ಊರಿನವರನ್ನು ಒಟ್ಟಿಗೆ ಕರೆದುಕೊಂಡು ಕಾಲುವೆ ನಡಿಗೆ ಮಾಡಿ. ಬಡಾವಣೆಯವರು ಒಬ್ಬರೇ ಬಂದರೆ ಕೆಳಗಿನವರ ಕಷ್ಟ ಕಾಣಿಸುವುದಿಲ್ಲ.

ನಾಲ್ಕು, ಸಂಘಗಳ ಅರ್ಜಿಗಳನ್ನು ವಾರ್ಡ್ ಸಭೆಗೆ ತನ್ನಿ. ಆರು ತಿಂಗಳಿಗೊಮ್ಮೆಯಾದರೂ ಆ ಸಭೆ ನಡೆಯಲೇಬೇಕೆಂದು ಕಾನೂನೇ ಹೇಳುತ್ತದೆ. ಅಲ್ಲಿ ಬಂದ ಬೇಡಿಕೆ ಕ್ರಿಯಾ ಯೋಜನೆಗೆ ಸೇರಲು ದಾರಿಯಿದೆ. ಮೇಜಿನ ಮೇಲೆ ಬಿದ್ದ ಅರ್ಜಿಗೆ ಇಲ್ಲ.

ಸದಸ್ಯ ಬಂಧುಗಳೇ, ನಮ್ಮ ಪಂಚಾಯಿತಿಗಳಲ್ಲಿ ಕೆಲವು ಮುಂದೆ ನಗರದೊಳಗೆ ಸೇರಬಹುದು. ಅಂದು ನಮ್ಮ ಹೆಸರು ಯಾವ ಫಲಕದ ಮೇಲೂ ಇರಲಿಕ್ಕಿಲ್ಲ. ಆದರೆ ನಾವು ಬಿಟ್ಟುಕೊಟ್ಟ ಅಥವಾ ಉಳಿಸಿಕೊಂಡ ಕಾಲುವೆ ಅಲ್ಲಿ ಇರುತ್ತದೆ. ಅಕ್ಕಿ ಹರಡಿಕೊಂಡು ಕೂತಿದ್ದ ಆ ತಾಯಿಯ ಮುಂದೆ ನಾನು ನಿಂತಂತೆ ತಮ್ಮಲ್ಲಿ ಯಾರೂ ನಿಲ್ಲುವ ಪರಿಸ್ಥಿತಿ ಬರಬಾರದೆಂಬುದೇ ನನ್ನ ಆಶಯ.