ರುಮಾಲನ್ನು ಬಿಚ್ಚದೆ ಒಯ್ಯುವ ಬಗೆ
(ವಾಚನಾಲಯದ ಕೂಟದಲ್ಲಿ ಮಾಡಿದ ಭಾಷಣ)



ಇಂದಿನ ವಿಷಯ ಲೆಕ್ಕಪತ್ರದ ನಕಲು. ಕಚೇರಿಯ ಮಧ್ಯಮ ಗಾತ್ರದ ಗಣಕಯಂತ್ರದಲ್ಲಿರುವ ಲೆಕ್ಕದ ನಕಲನ್ನು ಮೇಜಿನ ಮೇಲಿನ ಪಿ.ಸಿ.ಗೆ ಒಯ್ಯುವುದು ಹೇಗೆ, ಬೇಕಾದಾಗ ಮರಳಿ ತರುವುದು ಹೇಗೆ ಎಂಬುದನ್ನು ಹೇಳುತ್ತೇನೆ. ಇದು ಗುಮಾಸ್ತರ ಗೋಳು, ನಮಗೇಕೆ ಎಂದು ಕಾರ್ಮಿಕ ಬಂಧುಗಳು ಎದ್ದು ಹೋಗಬಾರದು. ತಮ್ಮ ಹಾಜರಿ, ಪಗಾರ, ಭವಿಷ್ಯನಿಧಿಯ ವಂತಿಗೆ ಎಲ್ಲವೂ ಇಂಥ ಯಂತ್ರಗಳಲ್ಲಿಯೇ ಇರುತ್ತವೆ. 1972ರ ಗ್ರಾಚ್ಯುಟಿ ಕಾನೂನು ಬಂದಾಗ ಸಾಮಾನ್ಯವಾಗಿ ವರ್ಷಕ್ಕೆ 240 ದಿನದ ಕೆಲಸವನ್ನು ಅಖಂಡ ಸೇವೆಯ ಅಳತೆಯಾಗಿ ಇಟ್ಟಿತು. ಹಾಜರಿ ಪುಸ್ತಕವೇ ಅಳಿಸಿಹೋದರೆ ಆ ದಿನಗಳನ್ನು ಎಣಿಸುವವರು ಯಾರು?

1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದು, ಮುಠಾ ನದಿ ಪುಣೆಯ ಪೇಟೆಗಳೊಳಗೆ ನುಗ್ಗಿತು. ಮೂಲ ಕೀರ್ದಿ, ನಕಲು ಕೀರ್ದಿ ಎರಡನ್ನೂ ಒಂದೇ ಕಪಾಟಿನಲ್ಲಿ ಇಟ್ಟವನಿಗೆ ಅಂಥ ದಿನ ನಕಲಿನಿಂದ ಏನು ಪ್ರಯೋಜನ? ಆದ್ದರಿಂದ ನಕಲು ಬೇರೆ ಯಂತ್ರದಲ್ಲಿ, ಬೇರೆ ಕಟ್ಟಡದಲ್ಲಿ ಇರಬೇಕು.

ಐ.ಬಿ.ಎಂ. ಕಂಪನಿ 1988ರಲ್ಲಿ ಎ.ಎಸ್./400 ಎಂಬ ಯಂತ್ರವನ್ನು ಹೊರತಂದಿತು. ಅದರ ವಂಶದ ಯಂತ್ರಗಳು ಇಂದಿಗೂ ದುಡಿಯುತ್ತಿವೆ. ತೊಡಕು ಎಲ್ಲಿದೆ ಎಂದರೆ, ಅದರ ಲಿಪಿಯೇ ಬೇರೆ. ಇಂಗ್ಲಿಷಿನ ‘ಎ’ ಅಕ್ಷರಕ್ಕೆ ಪಿ.ಸಿ.ಯ ಆಸ್ಕಿ ಪದ್ಧತಿಯಲ್ಲಿ 65 ಎಂಬ ಸಂಖ್ಯೆ. ಆ ಯಂತ್ರದ ಎಬ್ಸಿಡಿಕ್ ಪದ್ಧತಿಯಲ್ಲಿ 193. ಸೊನ್ನೆಗೆ ಇಲ್ಲಿ 48, ಅಲ್ಲಿ 240.

ನಮ್ಮ ಊರಿನ ಪೇಶವೆ ದಫ್ತರವನ್ನು ನೆನೆಯಿರಿ. ಮೋಡಿ ಲಿಪಿಯ ಕಾಗದಗಳನ್ನು ಅಲ್ಲಿ ರುಮಾಲುಗಳಲ್ಲಿ ಕಟ್ಟಿ ಇಟ್ಟಿದ್ದಾರೆ. ಅಂಥ ರುಮಾಲನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ಒಯ್ಯುವ ಆಳು ದಾರಿಯಲ್ಲಿ ಅದನ್ನು ಬಿಚ್ಚಿ, ಒಂದೊಂದು ಅಕ್ಷರವನ್ನೂ ಬಾಳಬೋಧಕ್ಕೆ ತಿದ್ದುತ್ತ ಹೋದರೆ ಏನಾದೀತು? ಎಫ್.ಟಿ.ಪಿ. ಎಂಬ ಸಾಗಣೆಯ ವ್ಯವಸ್ಥೆಯನ್ನು ‘ಟೆಕ್ಸ್ಟ್’ ಎಂಬ ರೀತಿಯಲ್ಲಿ ಬಿಟ್ಟರೆ ಅದು ಮಾಡುವುದು ಇದನ್ನೇ. ಪಗಾರದ ಮೊತ್ತಗಳನ್ನು ಆ ಯಂತ್ರ ಸಾಮಾನ್ಯವಾಗಿ ಒಂದು ಬೈಟಿನಲ್ಲಿ ಎರಡು ಅಂಕಿಗಳಂತೆ ಒತ್ತಿ ಇಟ್ಟಿರುತ್ತದೆ. ಅವನ್ನು ಅಕ್ಷರಗಳೆಂದು ಭಾವಿಸಿ ತಿದ್ದಿದರೆ ಮೊತ್ತವೇ ಕೆಡುತ್ತದೆ.

ಸರಿಯಾದ ಕ್ರಮ ಇದು. ಮೊದಲು ಬೇಕಾದ ಲೈಬ್ರರಿಯನ್ನು ಅದೇ ಯಂತ್ರದಲ್ಲಿ ‘ಸೇವ್ ಫೈಲ್’ ಒಂದರೊಳಗೆ ತುಂಬಬೇಕು; ಅದೇ ನಮ್ಮ ರುಮಾಲು. ಹಳೆಯ ಆವೃತ್ತಿಯ ಯಂತ್ರಕ್ಕೆ ಹೋಗಬೇಕಾದರೆ ತುಂಬುವಾಗಲೇ ಆ ಆವೃತ್ತಿಯನ್ನು ಹೇಳಬೇಕು. ಆಮೇಲೆ ‘ಬೈನರಿ’ ಎಂದು ಆಜ್ಞೆ ಕೊಟ್ಟು ಪಿ.ಸಿ.ಗೆ ಎಳೆದುಕೊಳ್ಳಬೇಕು. ಪಿ.ಸಿ.ಯಲ್ಲಿ ಅದನ್ನು ತೆರೆದು ಓದಲಾಗದು. ಅಲ್ಲಿ ಅದು ಬೀಗ ಹಾಕಿದ ಪೆಟ್ಟಿಗೆ ಮಾತ್ರ.

ಮರಳಿ ತರುವಾಗ ದೊಡ್ಡ ಯಂತ್ರದಲ್ಲಿ ಖಾಲಿ ಸೇವ್ ಫೈಲ್ ಒಂದನ್ನು ಮೊದಲೇ ಸಿದ್ಧಮಾಡಿ, ಅದರೊಳಕ್ಕೆ ಬೈನರಿಯಾಗಿಯೇ ಕಳಿಸುವುದು ಕ್ಷೇಮ. ಸೇವ್ ಫೈಲಿನ ಪ್ರತಿ ದಾಖಲೆ 528 ಬೈಟಿನದು. ಬಂದದ್ದು ಸಾಧಾರಣ ಫೈಲಾಗಿ ಕುಳಿತರೆ ಯಂತ್ರ ಅದನ್ನು ರುಮಾಲೆಂದು ಒಪ್ಪುವುದಿಲ್ಲ.

ಇಷ್ಟಕ್ಕೇ ಕೆಲಸ ಮುಗಿಯಲಿಲ್ಲ. ನಕಲನ್ನು ಮೂಲದ ಮೇಲೆ ಸುರಿಯದೆ ಬೇರೊಂದು ಲೈಬ್ರರಿಗೆ ಬಿಚ್ಚಿ ನೋಡಬೇಕು. ಆಳುಗಳ ಸಂಖ್ಯೆ, ಪಗಾರದ ಒಟ್ಟು ಮೊತ್ತ ತಾಳೆಯಾಗಬೇಕು. ಬಿಚ್ಚಿ ನೋಡದ ನಕಲು ಎಣಿಸದೆ ಪಡೆದ ಪಗಾರದಂತೆ. ಕಡಮೆಯಿದ್ದರೆ ಮನೆಗೆ ಹೋದಮೇಲೆ ಗೊತ್ತಾಗುತ್ತದೆ.

ಗುಮಾಸ್ತ ಮಿತ್ರರು ತಿಂಗಳಿಗೊಮ್ಮೆಯಾದರೂ ಈ ತಾಳೆ ನೋಡಲಿ. ಕಾರ್ಮಿಕ ಬಂಧುಗಳು ಪಗಾರ ಚೀಟಿಗಳನ್ನು ಎಸೆಯದೆ ವರ್ಷವಾರು ಕಟ್ಟಿ ಇಡಲಿ. ಊರಿಗೆ ಹೋದಾಗ ಒಂದು ಪ್ರತಿ ಅಲ್ಲಿಯೂ ಇರಲಿ. ಚೀಟಿ ಹೊಂದಿಸಿಡಲು ತಿಳಿಯದವರು ರವಿವಾರ ಇಲ್ಲಿಗೆ ಬಂದರೆ ನಾವು ಕೂತು ಬರೆದುಕೊಡುತ್ತೇವೆ.