ವಿದ್ಯುತ್ ಗಾಡಿಯ ಓಟಕ್ಕೂ ಒಂದು ಹದ



ಹೇರಿದ ಚಕ್ಕಡಿಯ ಎತ್ತುಗಳನ್ನು ಯಾರೂ ಒಮ್ಮೆಲೇ ಓಡಿಸುವುದಿಲ್ಲ. ಹೊಳೆಆಲೂರಿನಿಂದ ರೋಣಕ್ಕೆ ಹೆಸರು, ಕಡಲೆ ಒಯ್ಯುವ ಗಾಡಿ ವಿದ್ಯುತ್ತಿನದಾದರೂ ಇದೇ ಹದ ಬೇಕು.

ಆಕ್ಸಿಲರೇಟರ್ ಒಮ್ಮೆಲೇ ಪೂರ್ತಿ ಕೊಟ್ಟರೆ ಬ್ಯಾಟರಿಯಿಂದ ಹೆಚ್ಚು ಕರೆಂಟು ಹರಿಯುತ್ತದೆ. ಕರೆಂಟು 2 ಪಟ್ಟಾದರೆ ತಂತಿ, ಬ್ಯಾಟರಿಗಳಲ್ಲಿ ಹುಟ್ಟುವ ಶಾಖ ಆ ಹೊತ್ತಿಗೆ ಸುಮಾರು 4 ಪಟ್ಟಾಗುತ್ತದೆ. ಅಷ್ಟು ಶಕ್ತಿ ಗಾಡಿ ಎಳೆಯದೆ ವ್ಯರ್ಥವಾಗುತ್ತದೆ. ಮೇಲಿಂದ ಮೇಲೆ ಕಾದ ಬ್ಯಾಟರಿ ಬೇಗ ಸವೆಯುತ್ತದೆ. ಗಾಡಿಯ ಬೆಲೆಯಲ್ಲಿ ದೊಡ್ಡ ಪಾಲು ಬ್ಯಾಟರಿಯದೇ ಎಂಬುದನ್ನು ಮರೆಯಬಾರದು.

ಆದುದರಿಂದ ವೇಗವನ್ನು ನಿಧಾನವಾಗಿ ಏರಿಸಿರಿ. ತಯಾರಕರು ಹೇಳಿದ ತೂಕಕ್ಕಿಂತ ಹೆಚ್ಚು ಹೇರಬೇಡಿರಿ. ತಿರುವು ಕಂಡೊಡನೆ ಆಕ್ಸಿಲರೇಟರ್ ಸಡಿಲಿಸಿ, ಗಕ್ಕನೆ ಬ್ರೇಕ್ ಹಾಕುವುದನ್ನು ತಪ್ಪಿಸಿರಿ. ಬೇಸಿಗೆಯಲ್ಲಿ ಗಾಡಿಯನ್ನು ನೆರಳಿಗೆ ನಿಲ್ಲಿಸಿ, ಬಿಸಿ ಆರಿದ ಮೇಲೆಯೇ ಚಾರ್ಜಿಗೆ ಹಚ್ಚಿರಿ. ಇದಕ್ಕೆ ಕಾಸಿನ ಖರ್ಚಿಲ್ಲ. ಬ್ಯಾಟರಿ ಮಾತ್ರ ಹೆಚ್ಚು ಕಾಲ ಬಾಳುತ್ತದೆ.